ಎರಡು ಬೀದಿ, ಒಂದು ಎಣ್ಣೆ

ನಮ್ಮ ಕಡೆಯ ಜನ ಔಷಧಿಯ ವಿಷಯದಲ್ಲಿ ಬಹಳ ಧಾರಾಳಿಗಳು. ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಯ ಸೂಜಿ, ಮಧ್ಯಾಹ್ನ ಅತ್ತೆ ಕಾಸಿದ ಕಷಾಯ, ಬಿಡುವಾದಾಗ ಮುರುಗಮಲ್ಲದ ದರ್ಗಾಕ್ಕೆ ಹೋಗಿ ಒಂದು ತಾಯತ. ವಾಸಿಯಾದರೆ ಎಲ್ಲರಿಗೂ ಕೈಮುಗಿಯುತ್ತಾರೆ. ಒಬ್ಬರ ವಿಷಯ ಇನ್ನೊಬ್ಬರ ಹತ್ತಿರ ಮಾತ್ರ ಬಾಯಿಬಿಡುವುದಿಲ್ಲ. ಹೀಗಿರುವಾಗ, ಎಂಬತ್ತರ ದಶಕದ ಕೊನೆಯಲ್ಲಿ ಶಿಡ್ಲಘಟ್ಟಕ್ಕೆ ಒಂದು ಸೇವಾಸಂಸ್ಥೆ ಬಂದು, ಇಂಗ್ಲಿಷ್ ಔಷಧಿ, ಆಯುರ್ವೇದ, ಯೋಗ ಎಲ್ಲವನ್ನೂ ಸೇರಿಸಿ ನೋಡೋಣ ಎಂದಾಗ ನನಗೆ ನಗು ಬಂತು. ಇದನ್ನು ಕಲಿಸೋಕೆ ನಮ್ಮೂರಿಗೇ ಬರಬೇಕಿತ್ತಾ!

ನಕ್ಕವಳೇ ಹೋಗಿ ಅಲ್ಲಿ ಸೇರಿಕೊಂಡೆ. ಮೇಲೂರಿನಲ್ಲಿ ಹುಟ್ಟಿ ಶಿಡ್ಲಘಟ್ಟಕ್ಕೆ ಸೊಸೆಯಾಗಿ ಬಂದವಳು ನಾನು. ಜನರನ್ನು ಕೂರಿಸಿಕೊಂಡು ಮಾತಾಡೋದು ಬಿಟ್ಟರೆ ಬೇರೆ ವಿದ್ಯೆ ಇರಲಿಲ್ಲ. ಸಂಸ್ಥೆಗೆ ಬೇಕಿದ್ದದ್ದೂ ಅದೇ. ಚಿತ್ರದ ಹಾಳೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಜಗಲಿಯಿಂದ ಜಗಲಿಗೆ ಹೋಗಿ, "ಕಷಾಯ ಕುಡಿದಿದ್ದನ್ನ ಡಾಕ್ಟರ ಹತ್ರ ಮುಚ್ಚಿಡಬೇಡಿ, ಮಾತ್ರೆ ನುಂಗಿದ್ದನ್ನ ಪಂಡಿತರ ಹತ್ರ ಮುಚ್ಚಿಡಬೇಡಿ" ಎಂದು ಪಾಠ ಹೇಳುತ್ತಿದ್ದೆ. ಮನೆಗೆ ಬಂದು ನನ್ನ ತಲೆನೋವಿಗೆ ನಾನು ಏನೇನು ಮಾಡಿಕೊಳ್ಳುತ್ತಿದ್ದೆ ಎನ್ನುವುದು ಬೇರೆ ಮಾತು.

ಸಂಸ್ಥೆಯ ಡಾಕ್ಟರಮ್ಮ ಎಂಬಿಬಿಎಸ್ ಓದಿದವರು. ಹಿತ್ತಲ ಗಿಡ ಮದ್ದಲ್ಲ ಎಂದು ಯಾರಾದರೂ ಅಂದರೆ, "ಮದ್ದೋ ಅಲ್ಲವೋ, ಪರೀಕ್ಷೆ ಮಾಡದೆ ಹೇಗೆ ಹೇಳ್ತೀರಿ?" ಎನ್ನೋರು. ಅವರು ಪರೀಕ್ಷೆಗೆ ಆರಿಸಿಕೊಂಡದ್ದು ರೇಷ್ಮೆ ಬಿಚ್ಚುವ ಹೆಂಗಸರ ಕೈಗಳನ್ನು. ಗೂಡು ಬೇಯುವ ನೀರಿಗೆ ದಿನವಿಡೀ ಬೆರಳು ಅದ್ದಿ ಎಳೆ ಹುಡುಕುವವರು ಅವರು. ಬೆರಳ ಸಂದೆಲ್ಲ ಬಿರಿದು, ಅಂಗೈ ಸುಲಿದು, ಸಾರಿಗೆ ಉಪ್ಪು ಹಾಕಿದರೂ ಉರಿ. ಸಂಸ್ಥೆಯ ಪಂಡಿತರು ಬೇವು, ಅರಿಸಿನ ಹಾಕಿ ಒಂದು ಎಣ್ಣೆ ಕಾಸಿದರು. ಚೀಟಿ ಎತ್ತಿ ಒಂದು ಬೀದಿಗೆ ಆ ಎಣ್ಣೆ, ಪಕ್ಕದ ಬೀದಿಗೆ ಬರೀ ತೆಂಗಿನೆಣ್ಣೆ ಎಂದು ತೀರ್ಮಾನವಾಯಿತು. ಪರೀಕ್ಷೆ ಮುಗಿದ ಮೇಲೆ ಎಲ್ಲರಿಗೂ ಒಳ್ಳೆಯದೇ ಸಿಗುತ್ತದೆ. ಅಲ್ಲಿಯವರೆಗೆ ಈ ಬೀದಿಯ ಎಣ್ಣೆ ಆ ಬೀದಿಗೆ ಹೋಗಬಾರದು. ಇದನ್ನು ಮನೆಮನೆಗೂ ಹೇಳುವ ಕೆಲಸ ನನ್ನದು. 'ಸಂಶೋಧನೆ' ಎನ್ನುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಆ ಬೆನ್ನು ಬಗ್ಗಿಸಿದವಳು ಶಮೀಮ್. ತೆಂಗಿನೆಣ್ಣೆ ಬೀದಿಯವಳು. ರಂಜಾನ್ ಕಳೆದ ಮೇಲೆ ಅವಳ ಮಗಳ ಮದುವೆ. ಅವರ ಮನೆಯಲ್ಲಿ ಮಗಳ ಕೈಗೆ ತಾಯಿಯೇ ಎಲೆ ಅರೆದು ಮೆಹಂದಿ ಹಚ್ಚುವುದಂತೆ. ಅವಳ ತಾಯಿ ಅವಳಿಗೆ ಹಚ್ಚಿದ್ದಳಂತೆ. ತನ್ನ ಎರಡೂ ಅಂಗೈ ನನ್ನ ಮೂಗಿನ ಮುಂದೆ ಹಿಡಿದಳು. ನೋಡೋಕಾಗಲಿಲ್ಲ.

"ಈ ಕೈಯಲ್ಲಿ ಹೆಂಗಕ್ಕಾ ಅರೀಲಿ? ಆ ಎಣ್ಣೆ ಒಂದಿಷ್ಟು ಕೊಡಿ."

"ಚೀಟಿ ಹಂಗೆ ಬಂದಿದೆ ಕಣಮ್ಮ, ನಾನೇನು ಮಾಡಲಿ?"

"ನಿಮ್ಮ ಚೀಟಿಗೆ ನನ್ನ ಮಗಳ ಮದುವೆ ಗೊತ್ತಾ?"

ಡಾಕ್ಟರಮ್ಮನ ಹತ್ತಿರ ಹೋಗಿ ಗೋಗರೆದೆ. ಅವರಿಗೂ ಸಂಕಟವೇ. ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕು, ಆಮೇಲೆ ಪರೀಕ್ಷೆ ಎಲ್ಲಿ ಉಳೀತು ಎಂದರು. ಅವತ್ತು ನನಗೆ ಊಟ ಸೇರಲಿಲ್ಲ.

ರಂಜಾನ್ ಬಂತು, ನಡೆಯಿತು. ಕೈಗಳನ್ನು ಮತ್ತೆ ನೋಡುವಾಗ ಡಾಕ್ಟರಮ್ಮನ ಮುಖ ಬಾಡುತ್ತಾ ಹೋಯಿತು. ಎರಡು ಬೀದಿಯ ಕೈಗಳೂ ಒಂದೇ ಸಮ ವಾಸಿಯಾಗುತ್ತಿದ್ದವು! ಹಾಗಾದರೆ ಪಂಡಿತರ ಎಣ್ಣೆಗೂ ಅಂಗಡಿಯ ತೆಂಗಿನೆಣ್ಣೆಗೂ ವ್ಯತ್ಯಾಸವೇ ಇಲ್ಲವೆಂದಾಯಿತು. ಪಂಡಿತರು ಮುನಿಸಿಕೊಂಡು ಡಾಕ್ಟರಮ್ಮನ ಕೋಣೆಯಲ್ಲಿ ಕಾಫಿ ಕುಡಿಯೋದನ್ನೇ ಬಿಟ್ಟರು. ನಾನು ಶಮೀಮ್ ಕೈ ಹಿಡಿದು ನೋಡಿದೆ. ಉಗುರ ಅಂಚೆಲ್ಲ ಹಳದಿ. ತೆಂಗಿನೆಣ್ಣೆಗೆ ಎಲ್ಲಿಂದ ಬಂತಪ್ಪಾ ಅರಿಸಿನ?

"ಗಂಗಕ್ಕ ವಾಪಸ್ ಕಳಿಸಿದ ಬಟ್ಟಲಲ್ಲಿತ್ತು" ಎಂದಳು ಶಮೀಮ್, ಏನೂ ಮುಚ್ಚಿಡದೆ.

ಗಂಗಮ್ಮ ಆಚೆ ಬೀದಿಯ, ಒಳ್ಳೆಯ ಎಣ್ಣೆಯ ಕಡೆಯವಳು. ಡಾಕ್ಟರಮ್ಮನ ಎದುರಿಗೇ ಕರೆಸಿ ಕೇಳಿದೆ. "ಅಯ್ಯೋ ದೇವುಡಾ! ಎಣ್ಣೆ ಯಾರಿಗೂ ಕೊಡಬೇಡಿ ಅಂದ್ರಿ, ನಾನೆಲ್ಲಿ ಕೊಟ್ಟೆ? ಅವಳು ಉಪವಾಸದ ಗಂಜಿ ಕಳಿಸಿದ್ಲು. ಮನೇಲಿ ಅವತ್ತು ಏನೂ ಮಾಡಿರಲಿಲ್ಲ. ಖಾಲಿ ಬಟ್ಟಲು ಹೆಂಗಮ್ಮಾ ವಾಪಸ್ ಕಳಿಸೋದು? ಮುತ್ತೈದೆ ಮನೆ ಅಲ್ವಾ?"

ನಿಜವೇ. ನಮ್ಮಲ್ಲಿ ಬಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವುದುಂಟೇ? ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಹಾಕಬೇಕು. ಗಂಗಮ್ಮನ ಮನೆಯಲ್ಲಿ ಸಕ್ಕರೆಯ ಬದಲು ಎಣ್ಣೆ ಇತ್ತು, ಅಷ್ಟೇ. ಶಮೀಮ್ ಪಕ್ಕದ ಮನೆಯವರ ತಟ್ಟೆ ಹಿಂತಿರುಗಿಸುವಾಗ ಅದೇ ಎಣ್ಣೆಯಲ್ಲಿ ಒಂದಿಷ್ಟು ಇಟ್ಟಳು, ಅವರು ತಮ್ಮ ಪಕ್ಕದವರಿಗೆ. ಹೀಗೆ ರಂಜಾನ್ ಮುಗಿಯುವಷ್ಟರಲ್ಲಿ ಬೀದಿಗೆ ಬೀದಿಯೇ ಹಳದಿ. ಖಾಲಿಯಾದರೆ ಗಂಗಮ್ಮನ ಬೀದಿಯವರು ನನ್ನಿಂದಲೇ ಇನ್ನಷ್ಟು ಇಸಕೊಳ್ಳುತ್ತಿದ್ದರು. ಸಂಶೋಧನೆಯ ಎಣ್ಣೆಯನ್ನು ಊರಿಗೆಲ್ಲ ಹೊತ್ತು ಹಾಕಿದವಳು ಕೊನೆಗೆ ನಾನೇ!

ಡಾಕ್ಟರಮ್ಮ ತಲೆ ಮೇಲೆ ಕೈಹೊತ್ತು ಕೂತರು. ಆಯ್ತು, ಬೈಸಿಕೊಳ್ಳೋದೇ ಎಂದು ನಾನು ಸೆರಗು ಬಿಗಿಮಾಡಿಕೊಂಡೆ. ಅವರ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾರೆ ಅಂದುಕೊಂಡರೆ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. "ಎಣ್ಣೆ ಗುಣ ಮಾಡಿರಬಹುದು. ಬರೆಯೋ ಹಾಗಿಲ್ಲ ಅಷ್ಟೆ. ಮುಂದಿನ ಸಲ ಇನ್ನೊಂದು ಗುಂಪು ಚಿಂತಾಮಣೀಲಿ ಇರಲಿ" ಎಂದರು. ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ಹೆಣ್ಣು ಕೊಟ್ಟು ತರೋದು ಎಷ್ಟಿದೆ ಅಂತ ಮೊದಲು ವಿಚಾರಿಸಿ ಮೇಡಂ, ಎಂದೆ ನಾನು. ಪಂಡಿತರು ಅವತ್ತು ಎರಡು ಲೋಟ ಕಾಫಿ ಕುಡಿದರು.

ಮೆಹಂದಿಯ ದಿನ ನನಗೂ ಡಾಕ್ಟರಮ್ಮನಿಗೂ ಕರೆ ಬಂತು. ಶಮೀಮ್ ತಾನೇ ಎಲೆ ಅರೆದಿದ್ದಳು. ಡಾಕ್ಟರಮ್ಮನಿಗೆ ಅಭ್ಯಾಸ ಬಿಡುತ್ತದೆಯೇ? ಹೋದವರೇ ಅವಳ ಕೈ ಹಿಡಿದು, ಬೆಳಕಿಗೆ ತಿರುಗಿಸಿ, ಒಂದೊಂದೇ ಬೆರಳ ಸಂದು ಬಿಡಿಸಿ ನೋಡತೊಡಗಿದರು. "ಉರಿ ಇದೆಯಾ? ಅರೆಯುವಾಗ ಏನಾದ್ರೂ ಆಯ್ತಾ?" ಶಮೀಮ್ ಸ್ವಲ್ಪ ಹೊತ್ತು ತಡೆದುಕೊಂಡಳು. "ಕೈ ಬಿಡಿ ಮೇಡಂ, ಕೆಲಸ ಇದೆ" ಎಂದು ನಗುತ್ತಾ ಎಳೆದುಕೊಂಡು, ಮಗಳ ಅಂಗೈ ಮಧ್ಯೆ ಒಂದು ದುಂಡನೆಯ ಬೊಟ್ಟು ಇಟ್ಟಳು.

ಡಾಕ್ಟರಮ್ಮ ಮೆಲ್ಲಗೆ ತಮ್ಮ ಕೈಯನ್ನೂ ಚಾಚಿದರು.

"ಸರದಿ ಪ್ರಕಾರ ಮೇಡಂ. ಕೂತ್ಕೊಳಿ, ಕರೀತೀನಿ" ಎಂದಳು ಶಮೀಮ್, ತಲೆ ಎತ್ತದೆ.

ಡಾಕ್ಟರಮ್ಮ ಚಾಪೆ ಮೇಲೆ ಮಕ್ಕಳ ಸಾಲಿನ ಕೊನೆಗೆ ಹೋಗಿ ಕೂತರು. ನಾನು ಅವರ ಹಿಂದೆ ಕೂತೆ.