ಪೆಂಟಮ್ಮ ಕೂಡಿಸಿದ ಎರಡು ಅಪೀಲು

ಮಕ್ತಲ್ ಹತ್ತಿರದ ಕುರುಬರ ಪೆಂಟಮ್ಮನಿಗೆ ಓದುಬರಹ ಬರುತ್ತಿರಲಿಲ್ಲ. ಬಾಯಿ ಮಾತ್ರ ಬಹಳ ಜೋರು. ನಿಜಾಮರ ಆಳ್ವಿಕೆಯಲ್ಲಿ ಆ ಬಾಯಿಯೇ ಇಬ್ಬರನ್ನು ಜೈಲಿನಿಂದ ಉಳಿಸಿತು. ನನ್ನ ತಂದೆ ರಾಘಣ್ಣ ನಾರಾಯಣಪೇಟೆಯಲ್ಲಿ ವಕೀಲರು. ಆ ಪ್ರಕರಣ ಅವರ ಕೈಯಲ್ಲಿತ್ತು.

ಪೆಂಟಮ್ಮನ ಗಂಡ ಮಾರೆಪ್ಪ ಮತ್ತು ಆಕೆಯ ಒಡಹುಟ್ಟಿದ ತಮ್ಮ ಮೊಗುಲಪ್ಪ ಕೆರೆಯಲ್ಲಿ ಯಾರ ಕುರಿ ಮೊದಲು ನೀರು ಕುಡಿಯಬೇಕೆಂದು ಜಗಳ ತೆಗೆದು ಬಡಿಗೆ ಎತ್ತಿದರು. ಇಬ್ಬರ ತಲೆಯೂ ಒಡೆಯಿತು. ಒಬ್ಬರ ಮೇಲೊಬ್ಬರು ಫಿರ್ಯಾದು ಕೊಟ್ಟರು. ಕೆಳಗಿನ ಕೋರ್ಟು ಎರಡನ್ನೂ ಬೇರೆ ಬೇರೆ ವಿಚಾರಿಸಿ, ಇಬ್ಬರಿಗೂ ಮೂರು ಮೂರು ತಿಂಗಳ ಸಜೆ ಹಾಕಿತು. ಜಾಮೀನಿನ ಮೇಲೆ ಬಂದವರು ಜಿಲ್ಲಾ ಕೋರ್ಟಿಗೆ ಅಪೀಲು ಹಾಕಿಕೊಂಡರು. ಮಾರೆಪ್ಪನ ತಾರೀಖು ಸೋಮವಾರ, ಮೊಗುಲಪ್ಪನದು ಮುಂದಿನ ತಿಂಗಳು.

ಪೆಂಟಮ್ಮ ನಮ್ಮ ಪಡಸಾಲೆಗೆ ಬಂದು ಕುಳಿತಳು.

"ಒಂದ ಬಡದಾಟಕ್ಕ ಎರಡು ತಾರೀಖು ಯಾಕ್ರಿ ವಕೀಲ್ರ?"

"ಎರಡು ಫಿರ್ಯಾದು, ಎರಡು ಅಪೀಲು. ಕಾಯಿದೆ ಹಂಗದ, ತಾಯಿ."

"ಸೋಮವಾರ ನನ್ನ ಗಂಡ ಎಲ್ಲಾ ತಪ್ಪೂ ತಮ್ಮನ ಮ್ಯಾಲ ಹಾಕ್ತಾನ. ಮುಂದಿನ ತಿಂಗಳು ತಮ್ಮ ಗಂಡನ ಮ್ಯಾಲ. ಇಬ್ಬರೂ ಒಳಗ ಹೋದ್ರ ಕುರಿ ನೀವು ಕಾಯ್ತೀರೇನು?"

ತಂದೆ ನಗುತ್ತಲೇ ಅರ್ಜಿ ಬರೆದರು: ಎರಡೂ ಅಪೀಲುಗಳನ್ನು ಕೂಡಿಸಿ ಒಟ್ಟಿಗೆ ಕೇಳಬೇಕು. ಸೋಮವಾರ ಆಕೆ ಗಂಡನ ಜೊತೆಗೆ ತಮ್ಮನನ್ನೂ ಎಳೆದುಕೊಂಡು ಕೋರ್ಟಿಗೆ ಹೋದಳು. ಏಕೆ ಕೂಡಿಸಬೇಕೆಂದು ನ್ಯಾಯಾಧೀಶರು ಕೇಳಿದಾಗ ತಂದೆ ಬಾಯಿ ತೆರೆಯುವ ಮೊದಲೇ ಪೆಂಟಮ್ಮನ ಉತ್ತರ ಬಂತು. ತಂದೆ ಅದನ್ನು ಕೋರ್ಟಿನ ಭಾಷೆಯಾದ ಉರ್ದುವಿಗೆ ತಿರುಗಿಸಿದರು.

"ಎರಡು ಹಿಂಡು ಕಲತ್ರ ಇಬ್ಬರು ಧಣಿಗಳನ್ನೂ ದೊಡ್ಡಿ ಬಾಗಿಲಾಗ ನಿಂದ್ರಿಸಿ ಒಂದೊಂದ ಕುರಿ ಹೊರಗ ಬಿಡ್ತೀವ್ರಿ ಸಾಹೇಬ್ರ. ಒಬ್ಬನ್ನ ನಿಂದ್ರಿಸಿದ್ರ ಕೊಬ್ಬಿದ್ದೆಲ್ಲಾ ಅವಂದು, ಕುಂಟೋದೆಲ್ಲಾ ಇನ್ನೊಬ್ಬಂದು!"

ನ್ಯಾಯಾಧೀಶರು ಗಡ್ಡದಲ್ಲೇ ನಕ್ಕರು. ಎರಡೂ ಅಪೀಲುಗಳನ್ನು ಅಂದೇ, ಒಟ್ಟಿಗೇ ಕೇಳುವುದಾಗಿ ಹೇಳಿ, ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದರು.

"ಮೊದಲು ಹೊಡೆದವರು ಯಾರು?"

ಕೆಳಗಿನ ಕೋರ್ಟಿನಲ್ಲಿ ಇಬ್ಬರೂ 'ಅವನೇ' ಎಂದಿದ್ದರು. ಈಗ ಮಾರೆಪ್ಪ ಮಗ್ಗುಲಿಗೆ ತಿರುಗಿ ಮೈದುನನ ಹಣೆಯ ಗಾಯ ನೋಡಿದ.

"ನಾನಽ ರೀ."

"ಸುಳ್ಳು ರೀ! ನಾನಽ ಮೊದಲ," ಎಂದ ಮೊಗುಲಪ್ಪ. "ಮಾವಾ, ನಿನಗ ಬಡಿಗಿ ಎತ್ತಾಕರ ಬರತೈತೇನು?"

"ನೀ ಎತ್ತೂದರಾಗ ನಂದು ಬಿದ್ದಿತ್ತಲೇ!"

ಕೋರ್ಟಿಗೆ ಕೋರ್ಟೇ ನಕ್ಕಿತು. ಗಾಯಗಳು ಸಣ್ಣವು, ರಾಜಿಗೆ ಕಾಯಿದೆಯಲ್ಲಿ ಅವಕಾಶವಿತ್ತು. ರಾಜಿ ಮಾಡಿಕೊಳ್ಳುವಿರಾ ಎಂಬ ಪ್ರಶ್ನೆಗೆ ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು. ಒಂದೇ ತೀರ್ಪಿನಲ್ಲಿ ಇಬ್ಬರ ಸಜೆಯೂ ರದ್ದಾಯಿತು.

ಹೊರಗೆ ಬಂದು ತಂದೆ, ಇಬ್ಬರಿಗೂ ತೀರ್ಪಿನ ಒಂದೊಂದು ನಕಲು ತೆಗೆಸುತ್ತೇನೆ ಎಂದರು.

"ಬ್ಯಾಡ್ರಿ ವಕೀಲ್ರ," ಎಂದಳು ಪೆಂಟಮ್ಮ. "ಒಂದಽ ತೆಗಸ್ರಿ, ನನ್ನ ಕೈಯಾಗ ಕೊಡ್ರಿ. ಇವರಿಗೆ ಕೊಟ್ರ ಯಾರ ಕಾಗದ ದೊಡ್ಡದಂತ ಮತ್ತ ತಲಿ ಒಡಕೋತಾರ."