ಅವ್ವನ ಸರ ಎಲ್ಲಿ ಹೋಯಿತು ಎಂದು ಕೋರ್ಟು ಕೇಳಿದ ದಿನ

ತೊಂಬತ್ತರ ದಶಕದ ಮಾತು. ಸೋದರಮಾವ ತಮಿಳುನಾಡಿನ ಶಂಕಗಿರಿಯ ಫೈನಾನ್ಸ್ ಕಂಪನಿಯಲ್ಲಿ ಸಾಲ ಮಾಡಿ ಲಾರಿ ಕೊಂಡಾಗ ಅವ್ವ ಜಾಮೀನಿಗೆ ಹೆಬ್ಬೆಟ್ಟು ಒತ್ತಿದ್ದಳು. ಮಾವ ಲಾರಿ ಸಮೇತ ಊರು ಬಿಟ್ಟ. ಸಾಲ ನೀನೇ ಕಟ್ಟಬೇಕು ಎಂದು ಕೋರ್ಟಿನ ಡಿಕ್ರಿ ಅವ್ವನ ಮೇಲೆ ಬಂತು. ಕಟ್ಟಲಾಗದೆ ಹೋದಾಗ, ನಿನ್ನ ಹತ್ತಿರ ಏನೇನಿದೆ ಎಂದು ಬಂದು ಪ್ರಮಾಣ ಮಾಡಿ ಹೇಳು ಎಂದು ಕೋರ್ಟು ಕರೆಸಿತು.

ಅವ್ವನಿಗೆ ತಮಿಳು ತಿಳಿಯುತ್ತಿತ್ತು. ಆದರೆ ಹೆದರಿದರೆ ಬಾಯಿಗೆ ಬರುತ್ತಿದ್ದದ್ದು ಕನ್ನಡ ಒಂದೇ. ಅವಳ ಮಾತನ್ನು ತಮಿಳಿನಲ್ಲಿ ಹೇಳಲು ಜಡ್ಜು ನನಗೆ ಒಪ್ಪಿಗೆ ಕೊಟ್ಟರು. ನಮಗೆ ಜೊತೆಯಾಗಿ ಎಡಪ್ಪಾಡಿಯಿಂದ ಬಂದಿದ್ದ ನನ್ನ ಗಂಡನ ಅಣ್ಣ ಹಿಂದಿನ ಬೆಂಚಿನಲ್ಲಿ ಕೂತಿದ್ದರು.

ಮನೆ, ಎಮ್ಮೆ, ಪಾತ್ರೆ ಎಲ್ಲ ಕೇಳಿಯಾದ ಮೇಲೆ ಫೈನಾನ್ಸಿನ ವಕೀಲರು, "ಜಾಮೀನು ಹಾಕಿದ ದಿನ ಕೊರಳಲ್ಲಿ ಚಿನ್ನದ ಸರ ಇತ್ತಲ್ಲ, ಎಲ್ಲಿ?" ಎಂದರು.

"ಮಾರ್ಬುಟ್ಟೆ."

"ಬಂದ ದುಡ್ಡು?"

ಅವ್ವ ನನ್ನತ್ತ ವಾಲಿದಳು. "ಅದ ಮಾತ್ರ ನಾ ಏಳಾಕಿಲ್ಲ ಕಣವ್ವಾ. ಜೈಲಿಗಾಕಿದ್ರೆ ಓಯ್ತೀನಿ."

ಆ ದುಡ್ಡು ಎಲ್ಲಿಗೆ ಹೋಯಿತೆಂದು ನನಗೆ ಗೊತ್ತಿತ್ತು. ಮೊದಲ ಕೂಸು ಹೋದಮೇಲೆ ನನಗೆ ಬುದ್ಧಿ ಸ್ಥಿಮಿತ ತಪ್ಪಿತ್ತು. ತವರಲ್ಲಿ ಇಟ್ಟುಕೊಂಡು, ಸೇಲಂನ ಡಾಕ್ಟರಿಗೆ ತೋರಿಸಿ, ಗಂಡನ ಮನೆಯವರಿಗೆ ಬರೀ ನಿಶ್ಶಕ್ತಿ ಎಂದು ಹೇಳಿದ್ದಳು ಅವ್ವ.

"ಬಚ್ಚಿಟ್ಟಿದ್ದಾರೆ," ಎಂದರು ವಕೀಲರು. ಉತ್ತರ ಕೊಡದಿದ್ದರೆ ಜೈಲಿಗೆ ಕಳಿಸಬೇಕಾಗುತ್ತದೆ ಎಂದು ಜಡ್ಜು ಎಚ್ಚರಿಸಿದರು.

"ನನ್ನ ಔಷಧಕ್ಕೆ ಖರ್ಚಾಯಿತು," ಎಂದೆ ನಾನು. ಅವ್ವ ನನ್ನ ಮುಂಗೈ ಹಿಂಡಿದಳು.

"ಏನು ಕಾಯಿಲೆ? ಯಾವ ಆಸ್ಪತ್ರೆ?"

ಹಿಂದೆ ಬೆಂಚು ಕಿರುಗುಟ್ಟಿತು. ನಾನು ತಿರುಗಿ ನೋಡಲಿಲ್ಲ.

ಜಡ್ಜು ಪೆನ್ನು ಕೆಳಗಿಟ್ಟರು. "ಸರ ಎಲ್ಲಿ ಮಾರಿದರು, ಅದನ್ನು ಕೇಳಿ. ಈ ಹೆಣ್ಣುಮಗಳ ಕಾಯಿಲೆ ನಿಮಗೆ ಬೇಡ. ನಿಮ್ಮ ಸಾಲಗಾರಳು ಈಕೆಯಲ್ಲ."

ಅವ್ವ ಅಂಗಡಿ ಇದ್ದ ಬೀದಿ ಹೇಳಿದಳು. ವಕೀಲರು ಕೂತರು. ತಿಂಗಳು ತಿಂಗಳು ಕಂತು ಕಟ್ಟಲು ಆದೇಶವಾಯಿತು. ಹಾಲು ಮಾರಿ ಅವ್ವ ಅದನ್ನು ತೀರಿಸಿದಳು.

ಅವತ್ತು ಕೋರ್ಟು ಮುಗಿಸಿ ಬಂದಾಗ ಬಸ್‌ಸ್ಟ್ಯಾಂಡಿನಲ್ಲಿ ಭಾವ, "ಏನಾಗಿತ್ತಮ್ಮಾ ನಿನಗೆ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ, "ಜಡ್ಜೇ ಕೇಳ್ಬ್ಯಾಡಿ ಅಂದ್ರಲ್ಲಾ, ನಿಮಗ್ಯಾಕೆ ಬುಡಿ," ಎಂದಳು.

ಆದರೂ ಭಾವನ ಬಾಯಿಂದ ಗೊತ್ತಾಗುವುದು ಬೇಡವೆಂದು ಆ ಸಂಜೆ ನನ್ನ ಗಂಡನಿಗೆ ನಾನೇ ಎಲ್ಲ ಹೇಳಿದೆ. ಅವರು ಎದ್ದು ಹೊರಗೆ ಹೋದರು. ಬೆಳಗ್ಗೆ ನಾನು ಒಲೆ ಹಚ್ಚುತ್ತಿದ್ದಾಗ ಬಾಗಿಲಲ್ಲಿ ನಿಂತು, "ಮಾತ್ರೆ ಈಗಲೂ ತಗೋಬೇಕಾ?" ಎಂದರು.

"ಇನ್ನೂ ಸ್ವಲ್ಪ ದಿನ," ಎಂದೆ.

"ಮುಗಿಯೋ ಮುಂಚೆ ಹೇಳು. ನಾನೇ ಸೇಲಂಗೆ ಹೋಗಿ ತರ್ತೀನಿ."