ಕಿವಿ ಮೇಯರ್

ನಮ್ಮ ಮೇಯರ್ ಸಾಹೇಬರಿಗೆ ಊರವರು ಇಟ್ಟ ಹೆಸರು ‘ಕಿವಿ ಮೇಯರ್’. ಬೀದಿ ಬೀದಿಯ ವಾಲ್ವ್ ತಿರುಗಿಸಿ ನೀರು ಬಿಡುವ ಕೆಲಸದಿಂದ ಶುರುಮಾಡಿ, ಕಾರ್ಪೊರೇಟರ್ ಆಗಿ, ಕೊನೆಗೆ ಇಷ್ಟು ದೊಡ್ಡ ನಗರದ ಗದ್ದುಗೆ ಏರಿದವರು ಅವರು. ಮೈಮೇಲೆ ಕೆಂಪು ಗೌನು ಬಂದರೂ ಕಾರಿನ ಡಿಕ್ಕಿಯಲ್ಲಿ ಇವತ್ತಿಗೂ ನೀರು ಬಿಡುವ ಕಾಲದ ಅದೇ ಹಳೇ ಕಬ್ಬಿಣದ ಸರಳು. ವಿದೇಶದ ಅತಿಥಿಗಳ ಜೊತೆ ನಡೆಯುತ್ತಿದ್ದವರು ತಟ್ಟನೆ ನಿಂತು, ಸರಳು ತರಿಸಿ ರಸ್ತೆಗೆ ಊರಿ, ತುದಿಗೆ ಕಿವಿ ಹಚ್ಚಿ, “ಇಲ್ಲೇ ಪೈಪ್ ಸೋರ್ತಿದೆ, ಅಗೀರಿ” ಅಂದುಬಿಡುತ್ತಾರೆ. ಅಗೆದರೆ ನಿಜಕ್ಕೂ ಸೋರುತ್ತಿರುತ್ತದೆ! ಹೀಗಾಗಿ ಪತ್ರಿಕೆಗಳಲ್ಲಿ ಅವರ ಮುಖಕ್ಕಿಂತ ಬಗ್ಗಿದ ಬೆನ್ನೇ ಹೆಚ್ಚು ಪ್ರಸಿದ್ಧ. ನಮಸ್ಕಾರ ಗಿಮಸ್ಕಾರ ಏನೂ ಇಲ್ಲ, ಯಾರು ಸಿಕ್ಕರೂ “ನೀರು ಬಂತಾ?” ಎಂದೇ ಮಾತು ಶುರು, ಮದುವೆ ಮಂಟಪದಲ್ಲಿ ಮದುಮಗನನ್ನೂ ಹಾಗೇ ಕೇಳಿದ ಮಹಾನುಭಾವರು. ಆದರೆ ಸರ್ಕಾರಿ ಬಂಗಲೆಗೆ ಮಾತ್ರ ಹೋಗಲೊಲ್ಲರು. ಗುಡ್ಡದ ನೆತ್ತಿಯಲ್ಲಿ, ನಮ್ಮ ಮನೆಗಿಂತಲೂ ಮೇಲೆ, ಎರಡು ಕೋಣೆಯ ಬಾಡಿಗೆ ಮನೆ. ಇದೆಲ್ಲ ವೋಟಿನ ನಾಟಕ ಎಂದು ನಾನೂ ಆಡಿಕೊಂಡವನೇ. ಒಂದು ಬೆಳಿಗ್ಗೆ ಪೇಪರ್ ಕೇಳಲು ಹೋದರೆ, ಸಾಹೇಬರು ಗೌನನ್ನು ಕೈಯಲ್ಲಿ ಹಿಡಿದು ಅಡುಗೆಮನೆಯ ನಲ್ಲಿ ಮುಂದೆ ನಿಂತಿದ್ದಾರೆ. ಹೊರಗೆ ಕಾರಿನ ಹಾರ್ನು. “ಹೊರಡ್ರೀ, ಮಂತ್ರಿಗಳು ಕಾಯ್ತಿದಾರೆ” ಎಂದರು ಹೆಂಡತಿ. “ತಡಿಯೇ, ಊರಿಗೆಲ್ಲ ನಮ್ದೇ ಕೊನೇ ನಲ್ಲಿ. ಇಲ್ಲಿಗೆ ಬಂತು ಅಂದ್ರೆ ಎಲ್ರಿಗೂ ಬಂತು ಅಂತ.” ನಲ್ಲಿ ಎರಡು ಸಲ ಕೆಮ್ಮಿತು, ಆಮೇಲೆ ಸಣ್ಣಗೆ ಸುರಿಯಿತು. ಸಾಹೇಬರು ಗೌನಿಗೆ ತೋಳು ತೂರಿಸಿದರು.